ಹಳೆಯ ದೋಣಿಗೆ ಹೊಸ ಮೈ

ಅಕ್ಕ, ಮಣ್ಣಿನ ಗಡಿಗೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬೆರಳು ಮಡಚಿ ಬಡಿದು ನೋಡುತ್ತೇವೆ. ಟಣ್ ಎಂದರೆ ಒಳ್ಳೆಯ ಗಡಿಗೆ. ದಬ್ ಎಂದರೆ ಎಲ್ಲೋ ಬಿರುಕು ಇದೆ. ಬರೀ ಬಣ್ಣ ನೋಡಿ ಗಡಿಗೆ ತರುವವರು ಯಾರಿದ್ದಾರೆ?

ದೋಣಿಯೂ ಹಾಗೆಯೇ. ಆದರೆ ಇದು ನಮಗೆ ತಿಳಿದದ್ದು ತಡವಾಗಿ. ಅಷ್ಟರಲ್ಲಿ ಒಂದು ಬಲೆ ಹೋಗಿತ್ತು.

ನಮ್ಮದು ಕುಮಟಾ ತಾಲೂಕು. ಅಘನಾಶಿನಿ ಹೊಳೆಯ ದಂಡೆ. ಹೊಳೆ ಕಡಲಿಗೆ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಮನೆಯ ಗಂಡಸರು ಹೊಳೆಯಲ್ಲಿ ಮತ್ತು ಅಳಿವೆಯ ಆಚೆ ಬಲೆ ಬಿಡುತ್ತಾರೆ. ನಾವು ಹೆಂಗಸರು ಮೀನು ಮಾರುತ್ತೇವೆ. ನೀರು ಇಳಿದಾಗ ಬಳಚು ಹೆಕ್ಕುತ್ತೇವೆ. ಈಗ ಎಲ್ಲಾ ಕಡೆ ಇಂಜಿನ್ ದೋಣಿ, ಫೈಬರ್ ದೋಣಿ ಬಂದಿವೆ. ಹಾಯಿ ಕಟ್ಟುವವರು ಕಡಿಮೆ. ನಮ್ಮ ದೋಣಿ ಮಾತ್ರ ಮರದ್ದು, ಹಾಯಿಯದ್ದು. ಮಾವನ ಅಪ್ಪ ಮಾಡಿಸಿದ್ದು. ಉದ್ದ 18 ಅಡಿ. ಅಡಿಯಲ್ಲಿ ಕೊರೆದ ಮಾವಿನ ಮರ. ಮೇಲೆ ಎರಡು ಕಡೆಯೂ ಹೆಬ್ಬಲಸಿನ ಹಲಗೆ. ಹೊಸ ದೋಣಿಗೆ ದೊಡ್ಡ ಸಾಲ ಮಾಡಬೇಕು. ಅದಕ್ಕೇ ಇದನ್ನು ಬಿಟ್ಟಿಲ್ಲ.

ಒಂದು ವರ್ಷ ನೂಲು ಹುಣ್ಣಿಮೆ ಹತ್ತಿರ ಬಂದಿತ್ತು. ಕಡಲಿಗೆ ಕಾಯಿ ಅರ್ಪಿಸಿ ಪೂಜೆ ಮಾಡುವ ದಿನ. ದೋಣಿ ಚೆಂದ ಕಾಣಬೇಕು ಎಂದು ಎಲ್ಲರಿಗೂ ಆಸೆ. ಮಳೆ ಎರಡು ದಿನ ಬಿಟ್ಟಿತು. ಅಷ್ಟೇ ಸಾಕು ಎಂದು ಬಾವ ಮತ್ತು ಮೈದುನ ಹಳೆಯ ಬಣ್ಣದ ಮೇಲೇ ಹೊಸ ನೀಲಿ ಬಣ್ಣ ಬಳಿದರು. ಪೂಜೆಯ ದಿನ ದೋಣಿ ಮದುಮಗಳ ಹಾಗೆ ಇತ್ತು. ನಾವೂ ಹೊಗಳಿದೆವು.

ದೀಪಾವಳಿ ಕಳೆಯಿತು. ಬಣ್ಣದಲ್ಲಿ ಗುಳ್ಳೆ ಎದ್ದವು. ಒತ್ತಿದರೆ ನೀರು ಬಂತು. ಸಂಕ್ರಾಂತಿಯ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ಅದರ ಅಡಿಯಲ್ಲಿ ಮರ ಮೆತ್ತಗಾಗಿದ್ದು ಯಾರಿಗೂ ಕಾಣಲಿಲ್ಲ. ಒಂದು ಬೆಳಗಿನ ಜಾವ ಅಳಿವೆಯ ಹತ್ತಿರ ಮುಂದಿನ ಹಲಗೆಯ ಸಂದಿ ಬಿಟ್ಟಿತು. ನೀರು ನುಗ್ಗಿತು. ಬಾವ ಹಾಯಿ ಇಳಿಸಿದರು. ಮೈದುನ ನೀರು ತೋಡಿ ತೋಡಿ ಚೆಲ್ಲಿದ. ದೋಣಿ ಹಗುರ ಆಗಲಿ ಎಂದು ಬಲೆಯನ್ನು ನೀರಿಗೆ ಬಿಟ್ಟರು. ಇಬ್ಬರೂ ದಡ ಸೇರಿದರು. ಬಲೆ ಸೇರಲಿಲ್ಲ. ಆ ಬಲೆಯ ಸಾಲ ಸಂಘದಲ್ಲಿ ಇನ್ನೂ ತೀರಿರಲಿಲ್ಲ. ಸಾಲ ಇದ್ದದ್ದು ನಮ್ಮ ಹೆಸರಿನಲ್ಲಿ.

ಆ ದಿನ ಅತ್ತೆ ಹೇಳಿದರು, “ಬಳಿಯುವವರು ನೀವೇ ಬಳೀರಿ. ಯಾವಾಗ ಬಳಿಯಬೇಕು ಅಂತ ಈ ಸಲ ನಾವು ಹೇಳ್ತೇವೆ.”

ಮಾವ ನಕ್ಕರು. ಬೇಡ ಅನ್ನಲಿಲ್ಲ.

ಎಳೆದು ತೊಳೆದೆವು

ಮಾರ್ಚ್ 12. ಭರತದ ನೀರಿನಲ್ಲಿ ದೋಣಿಯನ್ನು ದಡಕ್ಕೆ ತಂದೆವು. ತೆಂಗಿನ ಮರದ ತುಂಡುಗಳನ್ನು ಅಡಿಗೆ ಹಾಕಿದೆವು. ಉರುಳಿಸಿಕೊಂಡು ಮೇಲಕ್ಕೆ ಎಳೆದೆವು. ಹಾಯಿ, ಕಂಬ, ಹುಟ್ಟು ಎಲ್ಲಾ ಬಿಚ್ಚಿ ಕೊಟ್ಟಿಗೆಯಲ್ಲಿ ಇಟ್ಟೆವು. ದೋಣಿಯನ್ನು ಮಗುಚಿ ಹಾಕಿದೆವು.

ಆಗ ಅದರ ಹೊಟ್ಟೆ ಕಂಡಿತು. ಪಾಚಿ. ಪಾಚಿಯ ನಡುವೆ ಬಿಳಿ ಚಿಪ್ಪಿನ ಗುಳ್ಳೆಗಳು. ಸಣ್ಣ ಸಣ್ಣ ಹುತ್ತದ ಹಾಗೆ. ಬಂಡೆಯ ಮೇಲೆ ಕಾಲು ಇಟ್ಟಾಗ ಕೊಯ್ಯುತ್ತದಲ್ಲ, ಅದೇ. ಅದರ ಒಳಗೆ ಒಂದು ಪ್ರಾಣಿ ಇದೆ. ಮರಿ ಇರುವಾಗ ಅದು ಈಜಿಕೊಂಡು ತಿರುಗುತ್ತದೆ. ಆಮೇಲೆ ತಲೆಯ ಕಡೆಯಿಂದ ಒಂದು ಕಡೆ ಅಂಟಿಕೊಳ್ಳುತ್ತದೆ. ಮತ್ತೆ ಸಾಯುವ ತನಕ ಅಲ್ಲಿಂದ ಏಳುವುದಿಲ್ಲ. ಕಾಲು ಬೀಸಿ ಬೀಸಿ ಆಹಾರ ಹಿಡಿಯುತ್ತದೆ! ಇವು ತುಂಬಿಕೊಂಡರೆ ದೋಣಿಯ ಮೈ ಒರಟಾಗುತ್ತದೆ. ನೀರಿನಲ್ಲಿ ಜಾರುವುದಿಲ್ಲ. ಹಾಯಿಗೆ ಗಾಳಿ ಸಿಕ್ಕರೂ ದೋಣಿ ಎಳೆದ ಹಾಗೆ ಹೋಗುತ್ತದೆ.

ಈ ಚಿಪ್ಪು ಒಣಗಿದರೆ ಕಲ್ಲು. ಅದಕ್ಕೆ ಒದ್ದೆ ಇರುವಾಗಲೇ ಕೆರೆಯಬೇಕು. ನಾವು ಅದೇ ದಿನ ಕೆರೆದು ಮುಗಿಸಿದೆವು. ಆಮೇಲೆ ಬಾವಿಯಿಂದ ಸಿಹಿನೀರು ಹೊತ್ತು ತಂದು ತೊಳೆದೆವು.

“ನೀರಿನಲ್ಲೇ ಇದ್ದ ದೋಣಿಗೆ ಎಂತಕ್ಕೆ ಮತ್ತೆ ನೀರು?” ಎಂದ ಮೈದುನ.

ಮಳೆಗಾಲದಲ್ಲಿ ಉಪ್ಪಿನ ಭರಣಿ ನೋಡಿದ್ದೀರಲ್ಲ. ಮುಚ್ಚಿ ಇಟ್ಟರೂ ಉಪ್ಪು ಒದ್ದೆ. ಉಪ್ಪು ಗಾಳಿಯಿಂದ ನೀರು ಎಳೆಯುತ್ತದೆ. ಮರದ ಮೇಲೆ ಉಳಿದ ಉಪ್ಪೂ ಹಾಗೆಯೇ ಎಳೆಯುತ್ತದೆ. ಮೇಲೆ ಬಣ್ಣ ಬಳಿದರೆ ಆ ನೀರು ಒಳಗೆ ಸಿಕ್ಕಿಬೀಳುತ್ತದೆ. ಹೊರಗೆ ಬರಲು ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಅದಕ್ಕೇ ಮೂರು ದಿನ ಮೂರು ಸಲ ಸಿಹಿನೀರು ಹಾಕಿದೆವು.

ಹಳೆಯ ಬಣ್ಣದಲ್ಲಿ ವಿಷ

ಇನ್ನು ಹಳೆಯ ಬಣ್ಣ ತೆಗೆಯಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಲೆಗೆ ಕಟ್ಟುವ ಸೀಸದ ಗುಂಡು ನಿಮಗೆ ಗೊತ್ತು. ಅದೇ ಸೀಸವನ್ನು ಹಿಂದೆ ಬಣ್ಣದಲ್ಲಿಯೂ ಸೇರಿಸುತ್ತಿದ್ದರು. ಬಣ್ಣ ಗಟ್ಟಿ ನಿಲ್ಲಲಿ, ಬೇಗ ಒಣಗಲಿ, ಹೊಳಪು ಬರಲಿ ಎಂದು. ಮರಕ್ಕೆ, ಕಬ್ಬಿಣಕ್ಕೆ ಮೊದಲು ಬಳಿಯುತ್ತಿದ್ದ ಕೆಂಪು ಬಣ್ಣದಲ್ಲಿ ಸೀಸ ಬಹಳ. ನಮ್ಮ ದೋಣಿಯಲ್ಲಿ ನೀಲಿಯ ಅಡಿಯಲ್ಲಿ ಹಸಿರು. ಹಸಿರಿನ ಅಡಿಯಲ್ಲಿ ಕೆಂಪು. ಸೀಸ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಹಳೆಯ ಕೆಂಪು ಬಣ್ಣ ಕಂಡರೆ ಇದೆ ಎಂದೇ ತಿಳಿಯಬೇಕು.

ಒಣ ಬಣ್ಣ ಉಜ್ಜಿದರೆ ಧೂಳು ಏಳುತ್ತದೆ. ಧೂಳು ಉಸಿರಿನಲ್ಲಿ ಹೋಗುತ್ತದೆ. ಕೈಗೆ ಅಂಟಿ ಅನ್ನದ ಜೊತೆ ಹೊಟ್ಟೆಗೆ ಹೋಗುತ್ತದೆ. ಸೀರೆಯ ಸೆರಗಿನಲ್ಲಿ ಮನೆಗೆ ಬರುತ್ತದೆ. ಆ ಸೆರಗಿನಲ್ಲೇ ಮಗುವಿನ ಬಾಯಿ ಒರೆಸುತ್ತೇವೆ. ದೇಹಕ್ಕೆ ಸೇರಿದ ಸೀಸ ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಸುರಿಯಿಂದ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಸಣ್ಣ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಕಲಿಯುವ ಶಕ್ತಿ ಕುಗ್ಗುತ್ತದೆ. ಇಷ್ಟು ಸೀಸ ಇದ್ದರೆ ಅಡ್ಡಿಯಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆಗ ನಮ್ಮ ಮನೆಯ ಕಿರಿ ಸೊಸೆ ಐದು ತಿಂಗಳ ಬಸುರಿ. ಎಲ್ಲರೂ ದುಡಿಯುವಾಗ ತಾನೊಬ್ಬಳೇ ಕೂರುವುದು ಅವಳಿಗೆ ನಾಚಿಕೆ. ಕೆರೆಯುವ ಉಳಿ ಹಿಡಿದು ಬಂದಳು. ಅತ್ತೆ ಉಳಿ ಕಸಿದುಕೊಂಡರು. “ನಿನ್ನನ್ನು ಕೆಲಸಕ್ಕೆ ಆಗದವಳು ಅಂತ ಹೇಳ್ತಾ ಇಲ್ಲ ಮಗಾ. ಈ ಕೆಲಸದ ಗಾಳಿ ನಿನಗೆ ಬೇಡ.” ಅವಳು ಸಿಟ್ಟು ಮಾಡಿಕೊಂಡು ಎರಡು ದಿನ ಮಾತು ಬಿಟ್ಟಳು. ಬಿಡಲಿ.

ನಾವು ಹೀಗೆ ಮಾಡಿದೆವು. ದೋಣಿಯನ್ನು ಮನೆಯಿಂದ, ಬಾವಿಯಿಂದ ದೂರ ಇಟ್ಟೆವು. ಅಡಿಗೆ ತಾಡಪಾಲು ಹಾಸಿದೆವು. ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಬಣ್ಣದ ಮೇಲೆ ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆದೆವು. ಕೊನೆಗೆ ವಾಟರ್ ಪೇಪರಿನಿಂದ ನೀರು ಹಾಕಿಯೇ ಉಜ್ಜಿದೆವು. ಒದ್ದೆ ಬಣ್ಣದಿಂದ ಧೂಳು ಏಳುವುದಿಲ್ಲ. 2020ರ ಕೊರೊನಾ ಕಾಲದಲ್ಲಿ ಎನ್ 95 ಮಾಸ್ಕ್ ನೋಡಿದ್ದೆವಲ್ಲ, ಅದನ್ನು ಕಟ್ಟಿಕೊಂಡೆವು. ಸೆರಗು ಮುಚ್ಚಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಕೆಲಸದ ಹೊತ್ತಿನಲ್ಲಿ ಎಲೆ ಅಡಿಕೆ ಹಾಕಲಿಲ್ಲ. ಅತ್ತೆಗೆ ಇದೇ ಎಲ್ಲಕ್ಕಿಂತ ಕಷ್ಟ ಆಯಿತು. ಮನೆಗೆ ಹೋಗುವ ಮೊದಲು ಸೋಪು ಹಾಕಿ ಕೈ ಮುಖ ತೊಳೆದೆವು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆದೆವು. ತಾಡಪಾಲಿನ ಮೇಲೆ ಬಿದ್ದ ಬಣ್ಣದ ಚೂರುಗಳನ್ನು ಡಬ್ಬಿಗೆ ತುಂಬಿ ಬಾಯಿ ಮುಚ್ಚಿದೆವು. ಹೊಳೆಗೆ ಚೆಲ್ಲಲಿಲ್ಲ, ಸುಡಲೂ ಇಲ್ಲ. ಪಂಚಾಯಿತಿಯ ಕಸದ ಗಾಡಿಗೆ ಏನಿದೆ ಎಂದು ಹೇಳಿ ಬೇರೆಯಾಗಿ ಕೊಟ್ಟೆವು.

ಹಿಂದೆ ಮಡಲಿಗೆ ಬೆಂಕಿ ಹಚ್ಚಿ ದೋಣಿಯ ತಳ ಸುಡುತ್ತಿದ್ದರು. ಹುಳ ಸಾಯಲಿ ಎಂದು. ಎಣ್ಣೆ ಮಾತ್ರ ಸವರಿದ ಮರಕ್ಕೆ ಅದು ಸರಿ. ಸೀಸದ ಬಣ್ಣ ಇರುವ ದೋಣಿಗೆ ಬೇಡವೇ ಬೇಡ. ಸುಟ್ಟರೆ ಸೀಸ ಹೊಗೆಯಲ್ಲಿ ಬರುತ್ತದೆ.

ಒಣಗಲು ಬಿಟ್ಟೆವು

ಬರಿ ಮರ ಕಂಡಿತು. ಅದರ ಮೇಲೆ ಮಡಲಿನ ಚಪ್ಪರ ಹಾಕಿದೆವು. ಬಿಸಿಲಿಗೆ ನೇರ ಇಟ್ಟರೆ ಹಲಗೆ ಸೀಳುತ್ತದೆ. ನೆರಳು ಬೇಕು, ಗಾಳಿ ಬೇಕು.

ಕೊಟ್ಟಿಗೆಯ ಗೋಡೆಯ ಮೇಲೆ ಅತ್ತೆ ಇದ್ದಿಲಿನಿಂದ ತಾರೀಕು ಬರೆದರು. ಅತ್ತೆ ಅಕ್ಷರ ಕಲಿತದ್ದು 50 ವಯಸ್ಸು ದಾಟಿದ ಮೇಲೆ. ಅವರ ಅಕ್ಷರ ದೊಡ್ಡದು. ದೂರದಿಂದಲೂ ಕಾಣುತ್ತದೆ. “ಮಾರ್ಚ್ 12 ಎಳೆದದ್ದು. ಮಾರ್ಚ್ 15 ತೊಳೆದು ಮುಗಿದದ್ದು. ಮಾರ್ಚ್ 22 ಬಣ್ಣ ತೆಗೆದದ್ದು.”

ದೋಣಿ ಮೇಲೆ ಇದ್ದರೆ ಮನೆಗೆ ದುಡ್ಡಿಲ್ಲ. ನಾವು ಬೇರೆಯವರ ಮೀನು ತಂದು ಮಾರಿದೆವು. ಬಳಚು ಹೆಕ್ಕಿದೆವು. ಗಂಡಸರು ಬೇರೆ ದೋಣಿಗೆ ಕೂಲಿಗೆ ಹೋದರು. ಏಪ್ರಿಲ್ 5ಕ್ಕೆ ಬಾವನಿಗೆ ತಾಳ್ಮೆ ಮುಗಿಯಿತು. “ಮುಟ್ಟಿ ನೋಡಿ. ಮರ ಒಣಗಿದೆ. ನಾಳೆ ಬಣ್ಣ ಹಚ್ಚುವಾ” ಅಂದರು.

ಮುಟ್ಟಿದರೆ ಒಣಗಿದ ಹಾಗೆಯೇ ಇತ್ತು. ಆದರೆ ಕೈ ಹೇಳುವುದು ಮೇಲಿನ ಮಾತು. ನಾವು ಹಾಲಿನ ಪೊಟ್ಟಣ ತೊಳೆದು ಒರೆಸಿ ಕತ್ತರಿಸಿದೆವು. ಆ ಪ್ಲಾಸ್ಟಿಕ್ಕನ್ನು ಹಲಗೆಯ ಮೇಲೆ ಇಟ್ಟು ನಾಲ್ಕು ಅಂಚಿಗೂ ಟೇಪು ಅಂಟಿಸಿದೆವು. ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ಮಾರನೆಯ ದಿನ ಪ್ಲಾಸ್ಟಿಕ್ಕಿನ ಒಳಗಡೆ ನೀರಿನ ಹನಿ! ಅನ್ನದ ಪಾತ್ರೆಯ ಮುಚ್ಚಳದಲ್ಲಿ ಇರುವ ಹಾಗೆ. ಮರದ ಒಳಗಿನಿಂದ ಬಂದ ನೀರು ಅದು. ಬಾವ ನೋಡಿದರು. ಏನೂ ಹೇಳದೆ ಹೋದರು.

ಏಪ್ರಿಲ್ 20ಕ್ಕೆ ಮತ್ತೆ ಮೂರು ಕಡೆ ಅಂಟಿಸಿ ನೋಡಿದೆವು. ಹನಿ ಇಲ್ಲ. ಅತ್ತೆ ಅದನ್ನೂ ಬರೆದರು.

ಗಡಿಗೆಯ ಹಾಗೆ ಬಡಿದೆವು

ಆಚಾರಿ ಬಂದರು. ಮರದ ಕೊಡತಿಯಿಂದ ಇಂಚು ಇಂಚು ಬಡಿದರು. ನಾವೂ ಕಿವಿ ಕೊಟ್ಟೆವು. ಹೆಚ್ಚಿನ ಕಡೆ ಟಕ್ ಟಕ್. ಮುಂದಿನ ಹಲಗೆಯಲ್ಲಿ ಎರಡು ಕಡೆ ದಬ್ ದಬ್. ಅಲ್ಲಿ ದಬ್ಬಣ ಚುಚ್ಚಿದರೆ ಬೆಣ್ಣೆಗೆ ಹೋದ ಹಾಗೆ ಹೋಯಿತು. ಒಂದು ಕಡೆ ಕೊಳೆತ ಮರ. ಇನ್ನೊಂದು ಕಡೆ ಹೊರಗೆ ಸೂಜಿಯ ತೂತು, ಒಳಗೆ ಬೆರಳು ಹೋಗುವಷ್ಟು ಪೊಳ್ಳು.

ಇದು ಮರ ಕೊರೆಯುವ ಹುಳದ ಕೆಲಸ. ಹುಳ ಎನ್ನುತ್ತೇವೆ. ಆದರೆ ಅದು ಹುಳವಲ್ಲ, ನಮ್ಮ ಬಳಚಿನ ಬಳಗ! ಅದರ ತಲೆಯ ಕಡೆ ಎರಡು ಸಣ್ಣ ಚಿಪ್ಪು ಇವೆ. ಆ ಚಿಪ್ಪಿನಿಂದಲೇ ಮರ ಕೆರೆದು ಒಳಗೆ ಹೋಗುತ್ತದೆ. ಮರಿಯಾಗಿ ಹೋದದ್ದು ಒಳಗೇ ಬೆಳೆಯುತ್ತದೆ. ಹೊರಗಿನ ತೂತು ಮಾತ್ರ ಸಣ್ಣದಾಗಿಯೇ ಉಳಿಯುತ್ತದೆ. ಅದಕ್ಕೇ ಕಣ್ಣಿಗಿಂತ ಕಿವಿ ಮೇಲು.

ಮೈದುನನಿಗೆ ಒಂದು ಯೋಚನೆ ಬಂತು. “ಇಡೀ ದೋಣಿಗೆ ಫೈಬರ್ ಸುತ್ತಿಸಿಬಿಡುವಾ. ಆಮೇಲೆ ತಲೆಬಿಸಿ ಇಲ್ಲ.”

ಆಚಾರಿ ತಲೆ ಆಡಿಸಿದರು. ಹೊಸ ಮರಕ್ಕೆ, ಚೆನ್ನಾಗಿ ಒಣಗಿದ ಮರಕ್ಕೆ ಫೈಬರ್ ಹಾಕುವುದು ಉಂಟು. ಹಲಗೆ ಹಲಗೆ ಸೇರಿಸಿದ ಹಳೆಯ ದೋಣಿಯ ಮಾತು ಬೇರೆ. ಮರ ನೀರಿನಲ್ಲಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಫೈಬರ್ ಹಾಗೆ ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಎಲ್ಲೋ ಒಂದು ಕಡೆ ಬಿಡುತ್ತದೆ. ಬಿಟ್ಟ ಜಾಗದಿಂದ ನೀರು ಒಳಗೆ ಹೋದರೆ ಹೊರಗೆ ಬರಲು ದಾರಿ ಇಲ್ಲ. ಮೇಲೆ ಗಾಜಿನ ಹಾಗೆ ಹೊಳಪು, ಅಡಿಯಲ್ಲಿ ಮರ ಕೊಳೆಯುತ್ತದೆ. ನೀಲಿ ಬಣ್ಣದ ಕತೆಯೇ ಮತ್ತೆ.

ಕೊಳೆತ ಭಾಗವನ್ನು ಕೊಯ್ದು ತೆಗೆದರು. ಸುತ್ತಲೂ ಒಂದಿಷ್ಟು ಒಳ್ಳೆಯ ಮರವನ್ನೂ ತೆಗೆದರು. ಹೊಸ ಹೆಬ್ಬಲಸಿನ ತುಂಡು ಕೂರಿಸಿದರು. ಮೊಳೆ ತಾಮ್ರದ್ದು. ಹಿಂದೆ ಯಾರೋ ಕಬ್ಬಿಣದ ಮೊಳೆ ಹೊಡೆದಿದ್ದರು. ತುಕ್ಕು ಮರದ ಮೇಲೆ ಕಣ್ಣೀರಿನ ಹಾಗೆ ಇಳಿದಿತ್ತು. ಅದನ್ನೆಲ್ಲ ಕೀಳಿಸಿದೆವು. ಉಪ್ಪುನೀರಿನಲ್ಲಿ ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದ್ದರೆ ಕಬ್ಬಿಣ ಬೇಗ ಸವೆದು ಹೋಗುತ್ತದೆ.

ನಾರು, ಹತ್ತಿ, ರಾಳ

ನಮ್ಮ ದೋಣಿಯ ಮೇಲಿನ ಹಲಗೆಗೆ ಮೊಳೆ ಇಲ್ಲ. ತೆಂಗಿನ ನಾರಿನ ಹಗ್ಗದ ಹೊಲಿಗೆ. ಹಳೆಯ ಕಾಲದಲ್ಲಿ ಈ ಕಡಲಿನ ದೊಡ್ಡ ಹಡಗುಗಳನ್ನೂ ಹೀಗೆಯೇ ಹೊಲಿಯುತ್ತಿದ್ದರು. 14ನೆಯ ಶತಮಾನದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತ ಎಂಬ ಪ್ರವಾಸಿ ಹೊನ್ನಾವರಕ್ಕೂ ಮಂಗಳೂರಿಗೂ ಬಂದಿದ್ದ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ನಾರಿನಿಂದ ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎಂದು ಅವನು ಹೇಳಿದ್ದಾನೆ.

ಆ ಹಗ್ಗ ಎಲ್ಲಿಂದ ಬರುತ್ತದೆ? ತೆಂಗಿನ ಸಿಪ್ಪೆಯನ್ನು ಹೊಳೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಬೇಕು. ತೆಗೆದು ಬಡಿಯಬೇಕು. ನಾರು ಬಿಡಿಸಿ ಹೊಸೆಯಬೇಕು. ನಮ್ಮ ಅತ್ತೆಯ ಅಮ್ಮ ಜೀವಮಾನ ಇಡೀ ಇದೇ ಕೆಲಸ ಮಾಡಿದರು. ಹಡಗಿನ ಮಾತು ಬಂದಾಗ ನಾವಿಕರ ಹೆಸರು ಹೇಳುತ್ತಾರೆ. ನಾರು ಬಡಿದವರ ಹೆಸರು ಯಾರೂ ಹೇಳುವುದಿಲ್ಲ. ಇರಲಿ.

ಸಡಿಲವಾದ ಹೊಲಿಗೆಯನ್ನು ಆಚಾರಿ ಬಿಚ್ಚಿ ಮತ್ತೆ ಬಿಗಿದರು. ನಾವು ಹತ್ತಿಯ ನೂಲನ್ನು ಬತ್ತಿಯ ಹಾಗೆ ಹೊಸೆದು ಎಣ್ಣೆಯಲ್ಲಿ ಅದ್ದಿ ಕೊಟ್ಟೆವು. ಕಿರಿ ಸೊಸೆಯೂ ಬಂದು ಕೂತಳು. ಈ ಕೆಲಸದಲ್ಲಿ ಧೂಳಿಲ್ಲ. ಅವಳ ಬತ್ತಿಯೇ ಎಲ್ಲರದ್ದಕ್ಕಿಂತ ಸಮ ಬಂತು. ಆಚಾರಿ ಅದನ್ನು ಸಂದಿಗೆ ಇಟ್ಟು ಮೊಂಡು ಉಳಿಯಿಂದ ಬಡಿದು ತುಂಬಿದರು. ತೀರಾ ಬಿಗಿ ಮಾಡಲಿಲ್ಲ. ಹಲಗೆ ನೀರಿಗೆ ಉಬ್ಬಿದಾಗ ಜಾಗ ಬೇಕಲ್ಲ. ಮೇಲೆ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಸವರಿದರು. ರಾಳ ಫಕ್ಕನೆ ಬೆಂಕಿ ಹಿಡಿಯುತ್ತದೆ. ಅದನ್ನು ಅಡುಗೆ ಮನೆಯಲ್ಲಿ ಕಾಯಿಸಬಾರದು. ನಾವು ಬಯಲಿನಲ್ಲಿ ಕಾಯಿಸಿದೆವು. ಪಕ್ಕದಲ್ಲಿ ಮರಳಿನ ಬುಟ್ಟಿ ಇಟ್ಟುಕೊಂಡಿದ್ದೆವು.

ಒಳಗಡೆ ಬಣ್ಣ ಬೇಡ ಎಂದರು ಆಚಾರಿ. ತಾರ್ಲೆ ಮೀನಿನ ಎಣ್ಣೆ ಸವರಿದೆವು. ವಾಸನೆ ಕೇಳಬೇಡಿ. ಆದರೆ ಎಣ್ಣೆ ಕುಡಿದ ಮರ ಬೇಗ ನೀರು ಕುಡಿಯುವುದಿಲ್ಲ. ಒಳಗಿನ ತೇವ ಹೊರಗೆ ಹೋಗಲು ದಾರಿಯೂ ಇರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಸುವವರೂ ಇದ್ದಾರೆ. ಅದು ಒಳ್ಳೆಯದೇ. ಆದರೆ ಚರ್ಮ ಸುಡುತ್ತದೆ. ಗೇರು ಕಾರ್ಖಾನೆಗೆ ಹೋಗುವ ಅಕ್ಕಂದಿರ ಬೆರಳು ನೋಡಿದರೆ ಸಾಕು. ಕೈಚೀಲ ಇಲ್ಲದೆ ಮುಟ್ಟಬೇಡಿ.

ಯಾವ ಬಣ್ಣ?

ಅಂಗಡಿಗೆ ಈ ಸಲ ಅತ್ತೆಯೂ ನಾವೂ ಹೋದೆವು. ಡಬ್ಬಿಯ ಮೇಲೆ ಇಂಗ್ಲಿಷ್ ಇತ್ತು. ಅಂಕಿ ನಮಗೆ ಬರುತ್ತದೆ. ಉಳಿದದ್ದನ್ನು ಅಂಗಡಿಯ ಹುಡುಗನಿಂದ ಓದಿಸಿದೆವು. ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡೆವು. ಯಾವಾಗ ತಯಾರಾದದ್ದು? ಒಂದು ಸಲ ಬಳಿದ ಮೇಲೆ ಎಷ್ಟು ಗಂಟೆ ಬಿಡಬೇಕು? ಸೀಸ ಇದೆಯೋ? ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಡಬ್ಬಿಯ ಮೇಲೆ ಅದನ್ನು ಬರೆಯಬೇಕು. ಆದರೆ ಇದು ಮನೆಯ ಬಣ್ಣಕ್ಕೆ ಮಾಡಿದ ನಿಯಮ. ಬೇರೆ ಕೆಲಸದ ಬಣ್ಣ ಕೊಳ್ಳುವಾಗ ನಾವೇ ಕೇಳಬೇಕು.

ಹುಡುಗ ಇನ್ನೊಂದು ಡಬ್ಬಿ ತೋರಿಸಿದ. ತಾಮ್ರ ಸೇರಿಸಿದ ಬಣ್ಣ. ದೋಣಿಯ ತಳಕ್ಕೆ ಬಳಿದರೆ ಚಿಪ್ಪು ಹಿಡಿಯುವುದಿಲ್ಲ. ಹುಳಕ್ಕೂ ತಡೆ. ಯಾಕೆಂದರೆ ತಾಮ್ರ ಅವುಗಳಿಗೆ ವಿಷ. ಅದು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡುತ್ತಾ ಇರುತ್ತದೆ.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ದೋಣಿಯ ಚಿಪ್ಪಿಗೆ ವಿಷ ಆದದ್ದು ಬಳಚಿಗೆ ಅಮೃತ ಆಗುತ್ತದಾ?

ಇಂಥದ್ದು ಬೇರೆ ಕಡೆ ಆಗಿದೆ. ಹಿಂದೆ ತವರದ ಒಂದು ವಿಷ ಸೇರಿಸಿ ದೋಣಿಯ ಬಣ್ಣ ಮಾಡುತ್ತಿದ್ದರು. ಫ್ರಾನ್ಸ್ ದೇಶದಲ್ಲಿ ಆರ್ಕಾಶೋನ್ ಎಂಬ ಕೊಲ್ಲಿ ಇದೆ. ಅಲ್ಲಿ ಚಿಪ್ಪುಮೀನು ಸಾಕಿ ಬದುಕುವವರು ಬಹಳ. 1970ರ ನಂತರ ಅಲ್ಲಿ ಚಿಪ್ಪುಮೀನಿನ ಮರಿ ನಿಲ್ಲಲಿಲ್ಲ. ಬೆಳೆದವುಗಳ ಚಿಪ್ಪು ಸೊಟ್ಟ ಆಯಿತು. ಕಾರಣ ದೋಣಿಗಳ ಬಣ್ಣ. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಆ ಬಣ್ಣ ನಿಲ್ಲಿಸಿತು. 2008ರಲ್ಲಿ ಹಡಗುಗಳಿಗೂ ಅಂತರರಾಷ್ಟ್ರೀಯ ನಿಷೇಧ ಬಂತು. ತಾಮ್ರ ಅಷ್ಟು ಕೆಟ್ಟದ್ದಲ್ಲ. ಇಡೀ ದಿನ ನೀರಿನಲ್ಲೇ ನಿಲ್ಲುವ ದೊಡ್ಡ ದೋಣಿಗೆ ಅದು ಬೇಕಾಗಬಹುದು. ನಮ್ಮದು 18 ಅಡಿಯ ದೋಣಿ. ನಾಲ್ಕು ಜನ ಸೇರಿದರೆ ಸಂಜೆ ಮೇಲೆ ಎಳೆಯಬಹುದು. ದಿನಾ ಮೇಲೆ ಬಂದು ಒಣಗುವ ದೋಣಿಗೆ ಚಿಪ್ಪು ಹಿಡಿಯುವುದು ಕಷ್ಟ. ಎಳೆಯುವ ಕೆಲಸಕ್ಕೆ ನಾವೂ ಕೈ ಕೊಡುತ್ತೇವೆ ಎಂದು ಒಪ್ಪಿ, ತಾಮ್ರದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದೆವು. 2024ರಲ್ಲಿ ಅಘನಾಶಿನಿಯ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದ್ದಾರೆ. ಲೋಕದ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಪಟ್ಟಿಗೆ ಸೇರುವ ಮೊದಲೂ ಅದು ನಮಗೆ ಅನ್ನ ಕೊಡುತ್ತಿತ್ತು.

ಬಣ್ಣ ಬಳಿದದ್ದು ಬೇಗ ಮುಗಿಯಿತು. ಅಡಿಬಣ್ಣ ಒಂದು ಸಲ, ಮೇಲುಬಣ್ಣ ಎರಡು ಸಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು. ಸಂಜೆಯ ತಂಪು ಇಳಿಯುವ ಮೊದಲೇ ನಿಲ್ಲಿಸುವುದು. ಬಾವನೇ ಬಳಿದರು. ಪ್ರತಿ ಸಲ ಬಳಿದ ಮೇಲೆ ಗೋಡೆಯ ಮುಂದೆ ನಿಂತು, “ಅಬ್ಬೇ, ತಾರೀಕು ಬರೆ” ಎಂದು ಕೂಗುತ್ತಿದ್ದರು.

ಮೇ 9ಕ್ಕೆ ದೋಣಿ ನೀರಿಗೆ ಇಳಿಯಿತು. ಇಳಿದ ಕೂಡಲೇ ಒಳಗೆ ನೀರು ಜಿನುಗಿತು! ಮೈದುನನ ಮುಖ ಸಣ್ಣದಾಯಿತು. ಆಚಾರಿ ಮೊದಲೇ ಹೇಳಿದ್ದರು. ಒಣಗಿದ ಮರದ ತೊಟ್ಟಿಗೆ ನೀರು ತುಂಬಿದರೆ ಮೊದಲು ಸೋರುತ್ತದೆ. ಮರ ಉಬ್ಬಿದ ಮೇಲೆ ನಿಲ್ಲುತ್ತದೆ. ದೋಣಿಯನ್ನು ಸೊಂಟದ ಆಳದ ನೀರಿನಲ್ಲಿ ಕಟ್ಟಿದೆವು. ಮೊದಲ ದಿನ ಕರಟದಿಂದ ಮೂರು ಸಲ ನೀರು ತೋಡಿದೆವು. ಎರಡನೆಯ ದಿನ ಒಂದು ಸಲ. ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಒಳಗೆ ಒಂದು ಹನಿ ಇಲ್ಲ. ಅದೇ ದಿನ ಹಾಯಿ ಕಟ್ಟಿದರು.

ಗೋಡೆಯ ಮೇಲೆ ಅತ್ತೆ ಕೊನೆಗೆ ಒಂದು ಸಾಲು ಬರೆದಿದ್ದಾರೆ. “ಮುಂದಿನ ಮಾರ್ಚ್ ಎಳೆಯುವುದು. ಎಡಗಡೆ ಎರಡನೆಯ ಹಲಗೆ ಬಡಿದು ನೋಡುವುದು.”